ಒಂದೇ ಸಹಿಯ ಎರಡು ಗ್ರಾಫ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಹವಾಲ್ದಾರರು ನನ್ನ ಕೋಣೆಗೆ ಮೊದಲ ಸಲ ಬಂದಾಗ ಕಂದು ಬಣ್ಣದ ಸ್ವೆಟರ್ ಹಾಕಿದ್ದರು ಎಂದು ನನಗೆ ಚೆನ್ನಾಗಿ ನೆನಪಿದೆ. ಡೈರಿ ತೆಗೆದು ನೋಡಿದರೆ ಅದೇ ದಿನದ ಪುಟದಲ್ಲಿ 'ಕೂಲರಿಗೆ ಹೊಸ ಹುಲ್ಲು ಹಾಕಿಸಬೇಕು' ಎಂದು ನನ್ನದೇ ಕೈಬರಹದಲ್ಲಿದೆ. ಬನಾರಸ್ಸಿನಲ್ಲಿ ಕೂಲರಿನ ಹುಲ್ಲು ಬದಲಿಸುವ ಬೇಸಿಗೆಯಲ್ಲಿ ಯಾರೂ ಸ್ವೆಟರ್ ಹಾಕುವುದಿಲ್ಲ. ಎರಡರಲ್ಲಿ ಒಂದು ಸುಳ್ಳು. ಅವರ ಪಿಂಚಣಿಯ ಕೆಲಸ ನಡೆದ ಅಷ್ಟೂ ದಿನ ನನ್ನ ತಲೆಯಲ್ಲಿ ಒಬ್ಬ ಮನುಷ್ಯನ ಮೇಲಿನ ಸೇಡು ತುಂಬಿತ್ತು. ಅಂಥ ಹೊತ್ತಿನಲ್ಲಿ ನೆನಪು ನಮ್ಮ ಕಡೆಯ ಸಾಕ್ಷಿಯ ಹಾಗೆ ನಡೆದುಕೊಳ್ಳುತ್ತದೆ. ನಮಗೆ ಬೇಕಾದದ್ದನ್ನೇ ಹೇಳುತ್ತದೆ. ಆದ್ದರಿಂದ ಡೈರಿಯಲ್ಲಿ ಇರುವುದನ್ನೂ ನನಗೆ ನೆನಪಿರುವುದನ್ನೂ ಆದಷ್ಟು ಬೇರೆಬೇರೆ ಇಟ್ಟು ಬರೆಯಲು ಯತ್ನಿಸುತ್ತೇನೆ.

ನಾನು ಕಿವಿ ಪರೀಕ್ಷೆ ಮಾಡುವವಳು. ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾರೆ, ನಾವು ಭೇಲೂಪುರದಲ್ಲಿ ಬಾಡಿಗೆಗಿದ್ದೇವೆ. ಜೊತೆಗೆ ನನ್ನ ಮಾವ, ಅಂದರೆ ಗಂಡನ ತಂದೆ, ಸೇನೆಯಲ್ಲಿ ವೈದ್ಯರಾಗಿದ್ದು ಬಹಳ ಹಿಂದೆಯೇ ನಿವೃತ್ತರಾದವರು. ಅವರ ಎರಡೂ ಕಿವಿಗೆ ಶ್ರವಣಯಂತ್ರ ಕೂರಿಸಿದವಳು ನಾನೇ. ಮಾತು ಬೇಡ ಅನ್ನಿಸಿದಾಗ ತೋರುಬೆರಳನ್ನು ಕಿವಿಯ ಹಿಂದಕ್ಕೆ ಒಯ್ದು ಯಂತ್ರವನ್ನು ಆರಿಸಿಕೊಳ್ಳುವುದು ಅವರ ಅಭ್ಯಾಸ. ಮುಚ್ಚುಮರೆಯಿಲ್ಲ, ಎದುರಿಗೇ ಆರಿಸುತ್ತಾರೆ. ಮಗಳು "ದಾದಾ ನೇ ಆಫ್ ಕರ್ ದಿಯಾ", ಅಜ್ಜ ಆಫ್ ಮಾಡಿಬಿಟ್ಟರು, ಎಂದು ನಗುತ್ತಾಳೆ.

ಸೇಡಿನ ಮೂಲ ಹೇಳದೆ ಮುಂದೆ ಹೋಗಲಾರೆ. ಸೇನೆಯಲ್ಲಿ ಮಾವನ ಕೈಕೆಳಗೆ ಇದ್ದ ಕಿವಿ ತಜ್ಞರೊಬ್ಬರು ನಿವೃತ್ತಿಯ ನಂತರ ಇದೇ ಊರಿನಲ್ಲಿ ಕ್ಲಿನಿಕ್ ತೆರೆದರು. ಮಾವ ಒಂದು ಮಾತು ಹೇಳಿದರು, ನಾನು ಅಲ್ಲಿ ಸೇರಿದೆ. ಎರಡು ವರ್ಷ ಇದ್ದೆ. ನಾನು ದಿನವಿಡೀ ತೆಗೆದ ಕಿವಿ ಪರೀಕ್ಷೆಯ ಗ್ರಾಫುಗಳ ಕಟ್ಟನ್ನು ಆ ಡಾಕ್ಟರು ಸಂಜೆ ಫೋನಿನಲ್ಲಿ ಮಾತಾಡುತ್ತಲೇ, ಒಂದನ್ನೂ ನೋಡದೆ ಸಹಿ ಹಾಕಿ ಮುಗಿಸುತ್ತಿದ್ದರು. ಸಹಿಯ ಕೊನೆಯಲ್ಲಿ ಗಾಳದ ಹಾಗೆ ಮೇಲಕ್ಕೆ ಬಾಗಿದ ಒಂದು ಕೊಕ್ಕೆ. ಅದನ್ನೆಲ್ಲ ನಾನು ತಲೆಗೆ ಹಚ್ಚಿಕೊಂಡಿರಲಿಲ್ಲ. ಒಂದು ದಿನ ಹೊರಗೆ ಜನ ಬಹಳವಿದ್ದರು. ಡಾಕ್ಟರು ಒಬ್ಬ ರೋಗಿಯನ್ನು ಪರೀಕ್ಷೆಯೇ ಇಲ್ಲದೆ ಮುಂದೆ ಕೂರಿಸಿಕೊಂಡು, ಸ್ಕೇಲು ಇಟ್ಟು, ಹಾಳೆಯ ಈ ತುದಿಯಿಂದ ಆ ತುದಿಗೆ ನಲವತ್ತೈದು ಡೆಸಿಬೆಲ್ಲಿನ ಮೇಲೆ ಒಂದು ನೇರ ಗೆರೆ ಎಳೆದು, ಪರೀಕ್ಷಿಸಿದವರು ಎಂಬಲ್ಲಿ ನನ್ನ ಹೆಸರು ಬರೆದರು. ಆ ರೋಗಿ ಬೇರೆ ಆಸ್ಪತ್ರೆಗೆ ಹೋಗಿ, ಗ್ರಾಫು ತಪ್ಪೆಂದು ಅಲ್ಲಿ ಬೈಸಿಕೊಂಡು, ವಾಪಸು ಬಂದು ಕೂಗಾಡಿದ. ಡಾಕ್ಟರು ಕಾಯುತ್ತಿದ್ದ ಅಷ್ಟೂ ಜನರೆದುರು ನನ್ನ ಕಡೆ ಪೆನ್ನು ತೋರಿಸಿ, "ಕ್ಯಾ ಕರೇಂ, ಮೇಡಂ ಸೇ ಮಷೀನ್ ನಹೀ ಸಂಭಲತೀ" ಎಂದರು. ಮೇಡಂಗೆ ಮಷೀನು ಸಂಭಾಳಿಸಲು ಬರುವುದಿಲ್ಲವಂತೆ. ಕೆಲವರು ನಕ್ಕರು. ನಾನು ಸುಮ್ಮನಿದ್ದೆ. ಅವರು ಅಂದದ್ದಕ್ಕಿಂತ ನಾನು ಸುಮ್ಮನಿದ್ದದ್ದು ಹೆಚ್ಚು ದಿನ ಉರಿಯಿತು.

ಆ ತಿಂಗಳೇ ಬಿಟ್ಟೆ. "ಕೆಟ್ಟವನಲ್ಲಮ್ಮ ಅವನು, ಸ್ವಲ್ಪ ಅವಸರ ಅಷ್ಟೆ" ಎಂದರು ಮಾವ. ಊರಿನ ಲಂಕಾ ಎಂಬ ಬಡಾವಣೆಯಲ್ಲಿ ಕೋಚಿಂಗ್ ಸೆಂಟರೊಂದರ ಪಕ್ಕದ ಮಹಡಿಯಲ್ಲಿ ಒಂದು ಕೋಣೆ ಹಿಡಿದೆ. ಹಳೆಯ ಮಷೀನು ಕೊಂಡೆ, ಬಡಗಿಯನ್ನು ಕರೆಸಿ ಸದ್ದು ಒಳಬಾರದ ಒಂದು ಗೂಡು ಕಟ್ಟಿಸಿದೆ.

ಹವಾಲ್ದಾರರು ಬಂದದ್ದು ಅಲ್ಲಿಗೆ. ಬಾಗಲಕೋಟೆ ಕಡೆಯವರು, ಫಿರಂಗಿ ದಳದಲ್ಲಿದ್ದವರು. ಬಿಡುಗಡೆಯಾದ ಮೇಲೆ ಇಲ್ಲಿನ ಕನ್ನಡದ ಮಠವೊಂದರಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ್ದರು. ಮಠದ ಸ್ವಾಮಿಗಳೇ ಕಳಿಸಿದ್ದರಂತೆ.

"ಊರಾಗಿಂದ ಬಂದ ಯಾತ್ರೆ ಮಂದಿ ರೂಮ್ ಐತೇನ್ರಿ ಅಂತ ಕೇಳ್ತಾರ. ನಾ ದಶಾಶ್ವಮೇಧ ಘಾಟಕ್ಕ ಹೋಗೂ ದಾರಿ ಹೇಳ್ತೀನ್ರಿ" ಎಂದು ಅವರೇ ನಕ್ಕರು. "ಕೇಳಸ್ತೈತ್ರಿ ಅಕ್ಕಾರ. ಆದ್ರ ತಿಳ್ಯಂಗಿಲ್ಲ."

ಕೇಳುತ್ತದೆ, ತಿಳಿಯುವುದಿಲ್ಲ. ನನ್ನ ಕಸುಬಿನವರು ಈ ಒಂದು ಮಾತಿಗೇ ಎಚ್ಚರವಾಗಬೇಕು. ದಪ್ಪ ಸ್ವರಗಳು ಕೇಳಿ, ಸಣ್ಣ ತೀಕ್ಷ್ಣ ಸ್ವರಗಳು ಮಾತ್ರ ಸತ್ತುಹೋದಾಗ ಹಾಗಾಗುತ್ತದೆ. ದೊಡ್ಡ ಸದ್ದಿನ ಪಕ್ಕ ವರ್ಷಗಟ್ಟಲೆ ನಿಂತವರ ಗ್ರಾಫು ದಪ್ಪ ಸ್ವರಗಳಲ್ಲಿ ಸರಿಯಾಗಿದ್ದು, ಸೆಕೆಂಡಿಗೆ ನಾಲ್ಕು ಸಾವಿರ ಕಂಪನದ ಹತ್ತಿರ ಬಾವಿಗೆ ಬಿದ್ದ ಹಾಗೆ ಕುಸಿಯುತ್ತದೆ. ನಾನು ಅವರನ್ನು ಗೂಡಿನಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಎಂದೆ. ಒತ್ತಿದರು. ಗ್ರಾಫಿನಲ್ಲಿ ಬಾವಿ ಬರಲಿಲ್ಲ. ಸಣ್ಣ ತಗ್ಗೊಂದು ಬಂತು, ಅಷ್ಟೆ. ಇಷ್ಟೇ ನಷ್ಟಕ್ಕೆ ಇಷ್ಟು ತೊಂದರೆಯೇ ಎಂದು ಅನುಮಾನ ಬಂದದ್ದು ನಿಜ. ಆದರೆ ಅಷ್ಟರಲ್ಲಿ ಅವರು ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟರು.

ಸೇನೆಯಿಂದ ಬಿಡುಗಡೆಯಾಗುವ ಪ್ರತಿಯೊಬ್ಬನನ್ನೂ ಒಂದು ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತದೆ. ಊನವಿದ್ದರೆ ಅದು ಶೇಕಡಾ ಎಷ್ಟು, ಅದಕ್ಕೆ ಸೇವೆ ಕಾರಣವೇ, ಸೇವೆಯಿಂದ ಹೆಚ್ಚಾಯಿತೇ ಎಂದು ಬರೆಯುತ್ತದೆ. ಎರಡರಲ್ಲೊಂದಕ್ಕೆ ಹೌದು ಎಂದಿದ್ದರೆ ಮಾತ್ರ ಅಂಗವೈಕಲ್ಯ ಪಿಂಚಣಿ. ಹವಾಲ್ದಾರರದ್ದು ಶೇಕಡಾ ಇಪ್ಪತ್ತು ಎಂದು ಬರೆದು, ಎರಡೂ ಪ್ರಶ್ನೆಗಳ ಮುಂದೆ 'ಅಲ್ಲ' ಎಂದಿದ್ದರು. ತಜ್ಞರ ಅಭಿಪ್ರಾಯದ ಪುಟದಲ್ಲಿ ಎರಡು ಸಾಲು: ಎಲ್ಲ ಸ್ವರಗಳಲ್ಲೂ ಸಮನಾದ ನಷ್ಟ, ಸದ್ದಿನಿಂದ ಬಂದದ್ದಲ್ಲ, ಹುಟ್ಟಿನ ಶರೀರಪ್ರಕೃತಿಯಿಂದ ಬಂದದ್ದು. ಕೆಳಗೆ ಸಹಿ. ಸಹಿಯ ಕೊನೆಗೆ ಆ ಕೊಕ್ಕೆ.

ಡೈರಿಯಲ್ಲಿ ಆ ದಿನ ಕೂಲರಿನ ಮಾತಿನ ಕೆಳಗೆ ಒಂದೇ ಪದವಿದೆ: 'ಸಿಕ್ಕಿದ.'

"ನಮ್ಮ ಮನಿತನದಾಗ ಯಾರಿಗೂ ಕಿವಿ ದೋಷ ಇಲ್ರಿ" ಎಂದರು ಹವಾಲ್ದಾರರು. "ಇದನ್ನ ಓದಿಸಿ ನಮ್ಮ ಅಣ್ಣ, ನೀ ನಮ್ಮ ಅವ್ವನ ಹೊಟ್ಟಿಗೆ ಕೆಟ್ಟ ಹೆಸರು ತಂದಿ ಅಂದ. ರೊಕ್ಕ ಕೊಡ್ಲಿ ಬಿಡ್ಲಿ. ತೋಪು ನನ್ನ ಕಿವಿ ತಗೊಂಡೈತಿ ಅಂತ ಒಂದು ಮಾತು ಬರದ್ರ ಸಾಕ್ರಿ ನನಗ."

ಅವರಿಗೆ ಬೇಕಾದದ್ದು ಆ ಒಂದು ಮಾತು. ನನಗೆ ಬೇಕಾದದ್ದು ಬೇರೆ. ಇಬ್ಬರಿಗೂ ಒಂದೇ ಅಪೀಲು ಸಾಕು ಎಂದು ಅಂದುಕೊಂಡದ್ದು ನನ್ನ ಮೊದಲ ತಪ್ಪು.

ಮೊದಲ ಅಪೀಲನ್ನು ತಿರಸ್ಕಾರದ ಪತ್ರ ತಲುಪಿ ಆರು ತಿಂಗಳೊಳಗೆ ಹಾಕಬೇಕು. ಪತ್ರ ಊರಿನ ವಿಳಾಸಕ್ಕೆ ಹೋಗಿ, ಅಣ್ಣನ ಕಪಾಟಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು. ತಡವನ್ನು ಮನ್ನಿಸಿ ಎಂಬ ಬೇಡಿಕೆಯೊಂದಿಗೆ ನಾನು ಹನ್ನೊಂದು ಪುಟ ಬರೆದೆ. ಅದರಲ್ಲಿ ಹವಾಲ್ದಾರರ ಸೇವೆಯ ವಿಷಯ ಎರಡು ಪುಟ. ಉಳಿದದ್ದು ಆ ಡಾಕ್ಟರರು ಕೆಲಸ ಮಾಡುವ ಬಗೆ. ನಾನು ತೆಗೆದ ಗ್ರಾಫನ್ನೂ ಲಗತ್ತಿಸಿದೆ. ಮಾವ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಓದಿದರು.

"ಇದು ಅಪೀಲಲ್ಲಮ್ಮ, ಚಾಡಿ."

"ಬರೆದದ್ದರಲ್ಲಿ ಸುಳ್ಳು ಇದೆಯಾ ಮಾವ?"

"ಸುಳ್ಳು ನಿಜದ ಪ್ರಶ್ನೆ ಅಲ್ಲ. ಯಾರು ಬರೆದರು ಅಂತ ಹುಡುಕಬೇಡ. ಏನನ್ನ ಬರೆದಿಲ್ಲ ಅಂತ ಹುಡುಕು. ಮಂಡಳಿಯ ಕಾಗದ ಸೋಲೋದು ಅಲ್ಲಿ."

ನಾನು ಒಂದು ಪದವನ್ನೂ ಬದಲಿಸದೆ ಮರುದಿನವೇ ಸ್ಪೀಡ್ ಪೋಸ್ಟ್ ಮಾಡಿದೆ.

ಉತ್ತರ ಬರಲು ಏಳೆಂಟು ತಿಂಗಳಾಯಿತು. ತಡವನ್ನು ಮನ್ನಿಸಿದ್ದರು, ಅಪೀಲನ್ನು ತಳ್ಳಿಹಾಕಿದ್ದರು. ಕಾರಣ ಒಂದು: ಸೇವೆಯ ಪ್ರತಿ ವರ್ಷದ ತಪಾಸಣೆಯಲ್ಲೂ ಕಿವಿ ಸರಿಯಾಗಿದೆ ಎಂದೇ ದಾಖಲಾಗಿದೆ, ದೋಷ ಕಂಡದ್ದು ಕೊನೆಯ ವರ್ಷ, ಗಡಿಯಿಂದ ದೂರದ ಶಾಂತಿ ನೆಲೆಯಲ್ಲಿ. ಎರಡು: ವೈದ್ಯಾಧಿಕಾರಿಯ ಮೇಲಿನ ಆಪಾದನೆಗಳು ಈ ಬೇಡಿಕೆಗೆ ಸಂಬಂಧಿಸಿದವಲ್ಲ. ಮೂರು: ಅರ್ಜಿದಾರರು ತಾವೇ ಲಗತ್ತಿಸಿರುವ ಪರೀಕ್ಷೆಯ ಪ್ರಕಾರವೂ ನಷ್ಟ ಅಲ್ಪ.

ಮೂರನೆಯದನ್ನು ಎಷ್ಟು ಸಲ ಓದಿದೆನೋ. ನನ್ನ ಗ್ರಾಫನ್ನು ಹಿಡಿದುಕೊಂಡೇ ನನ್ನ ಕಕ್ಷಿದಾರನನ್ನು ಸೋಲಿಸಿದ್ದರು. ಮೇಡಂಗೆ ಮಷೀನು ಸಂಭಾಳಿಸಲು ಬರುವುದಿಲ್ಲ ಎಂಬ ಮಾತಿಗೆ ಈಗ ಸರ್ಕಾರಿ ಮೊಹರು ಬಿದ್ದ ಹಾಗಾಯಿತು.

 ಹವಾಲ್ದಾರರು ಮಠದ ಪ್ರಸಾದದ ಪೊಟ್ಟಣ ತಂದು ಮೇಜಿನ ಮೇಲಿಟ್ಟರು. "ಹೋಗ್ಲಿ ಬಿಡ್ರಿ ಅಕ್ಕಾರ. ನೀವರ ಎಷ್ಟಂತ ಹೊಡದಾಡ್ತೀರಿ."

"ಇನ್ನೊಂದು ಸಲ ಗೂಡಿನೊಳಗೆ ಕೂತುಕೊಳ್ಳಿ" ಎಂದೆ.

ಈ ಸಲ ಅವರ ಮುಖವನ್ನೇ ನೋಡುತ್ತ ಕೂತೆ. ಐದು ನಿಮಿಷದಲ್ಲಿ ಗೊತ್ತಾಯಿತು. ಗೂಡಿನ ಗಾಜಿನ ಮೂಲಕ ಅವರ ಕಣ್ಣು ನನ್ನ ಬಲ ಭುಜದ ಮೇಲೆ ನೆಟ್ಟಿತ್ತು. ಸದ್ದು ಕಳಿಸಲು ನಾನು ಗುಂಡಿ ಒತ್ತಿದಾಗಲೆಲ್ಲ ಭುಜ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದು ಅಲುಗಿದರೆ ಅವರೂ ಒತ್ತುತ್ತಿದ್ದರು. ಮಷೀನನ್ನು ಪೂರ್ತಿ ಆರಿಸಿ, ಬರೀ ಭುಜ ಅಲುಗಿಸಿದೆ. ಒತ್ತಿದರು.

ಬಾಗಿಲು ತೆರೆದು ಕೇಳಿದೆ. "ಹವಾಲ್ದಾರ್ರೇ, ಮಷೀನು ಆಫ್ ಆಗಿದೆ. ಏನು ಕೇಳಿಸಿತು ನಿಮಗೆ?"

ಆ ಎತ್ತರದ ಮನುಷ್ಯ ಮೇಷ್ಟ್ರ ಕೈಗೆ ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ತಗ್ಗಿಸಿದರು. "ರೂಢಿ ಆಗೇತ್ರಿ. ಕೈ ತಾನ ಒತ್ತತೈತಿ."

"ಕಿವಿ ಕೇಳಲ್ಲ ಅಂತ ಸಾಬೀತು ಮಾಡಬೇಕಾಗಿರೋದು ನಾವು! ನೀವು ಕೇಳುತ್ತೆ ಅಂತ ಸಾಬೀತು ಮಾಡ್ತಾ ಕೂತಿದ್ದೀರಲ್ಲ!"

"ಇಪ್ಪತ್ತ ವರ್ಷ ಅದನ್ನ ಮಾಡೀನಲ್ರಿ" ಎಂದರು. ಆಮೇಲೆ ಹೇಳಿದರು.

ವರ್ಷಕ್ಕೊಮ್ಮೆ ದಳದಲ್ಲಿ ತಪಾಸಣೆ. ಕಿವಿಗೆ ಮಷೀನಿಲ್ಲ. ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಗೋಡೆಯ ಕಡೆ ಮುಖ ಮಾಡಿಸಿ, ಇಪ್ಪತ್ತು ಅಡಿ ಹಿಂದಿನಿಂದ ವೈದ್ಯರ ಸಹಾಯಕ ಪಿಸುದನಿಯಲ್ಲಿ ಮೂರು ಸಂಖ್ಯೆ ಹೇಳುತ್ತಾನೆ, ಇವರು ತಿರುಗಿ ಹೇಳಬೇಕು. ಕೇಳದಿದ್ದರೆ ದರ್ಜೆ ಇಳಿಯುತ್ತದೆ. ತೋಪಿನಿಂದ ತೆಗೆದು ಉಗ್ರಾಣಕ್ಕೆ ಹಾಕುತ್ತಾರೆ, ಬಡ್ತಿ ನಿಲ್ಲುತ್ತದೆ. ಆದರೆ ಪ್ರತಿ ವರ್ಷವೂ ಅದೇ ಮೂರು ಸಂಖ್ಯೆ, ಅದೇ ಕ್ರಮದಲ್ಲಿ. ಅಟ್ಠಾಸಿ, ತಿರಸಠ್, ಛಿಹತ್ತರ್: ಎಂಬತ್ತೆಂಟು, ಅರವತ್ತಮೂರು, ಎಪ್ಪತ್ತಾರು. ಹೊಸಬರಿಗೆ ಹಳಬರು ಮೊದಲು ಕಲಿಸುತ್ತಿದ್ದದ್ದೇ ಅದನ್ನು. ಬೆನ್ನ ಹಿಂದಿನ ಸಹಾಯಕ ಪಿಸುಗುಟ್ಟಿದ್ದು ಮುಗಿಯಿತೇ ಇಲ್ಲವೇ ತಿಳಿಯುವುದು ಹೇಗೆ? ಸರದಿಯಲ್ಲಿ ಮುಂದಿನವನು ಬೂಟಿನ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದ. ನೆಲದ ಅದುರು ಕಾಲಿಗೆ ತಾಗುತ್ತಿತ್ತು.

"ತೋಪಿನ ಎಡಕ್ಕ ಕುಂತು ಗುರಿ ಹಚ್ಚಾವ ನಾನು. ಬಲಗಿವಿ ತೋಪಿನ ಕಡೆ. ನಾ ನೌಕರಿ ಬಿಡೂದ್ರಾಗ ಅದು ಹೋಗಿ ಎಂಟ್ಹತ್ತು ವರ್ಷ ಆಗಿತ್ರಿ. ಎಲ್ಲಾರದೂ ಹಂಗ ಇತ್ತು. ಒಬ್ಬಾಂವ ಸಿಕ್ಕಿಬಿದ್ರ ಎಲ್ಲಾರೂ ಸಿಕ್ಕಿಬೀಳ್ತಿದ್ವಿ."

ಅವರನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದೆ. ನಿಜವಾಗಿ ಕೇಳಿದಾಗ ಮಾತ್ರ ಒತ್ತುವುದನ್ನು ರೂಢಿ ಮಾಡಿಸಲು ಅರ್ಧ ಗಂಟೆ ಹಿಡಿಯಿತು. "ಸೋಲೂದು ಕಲಸಾಕತ್ತೀರಿ ನೀವು" ಎಂದು ಗೊಣಗಿದರು. ಆಗ ಬಾವಿ ಕಂಡಿತು. ಈ ಗ್ರಾಫಿನಲ್ಲಿ ಅಂಕಿ ದೊಡ್ಡದಾದಷ್ಟೂ ಗೆರೆ ಕೆಳಗೆ, ನಷ್ಟ ಹೆಚ್ಚು. ಬಲಗಿವಿಯ ಗೆರೆ ಸಾವಿರದವರೆಗೆ ನೆಟ್ಟಗೆ ಬಂದು, ನಾಲ್ಕು ಸಾವಿರದಲ್ಲಿ ಎಪ್ಪತ್ತೈದಕ್ಕೆ ಬಿದ್ದು, ಆಮೇಲೆ ಸ್ವಲ್ಪ ಎದ್ದಿತ್ತು. ಎಡಗಿವಿಯದೂ ಅದೇ ಆಕಾರ, ಆಳ ಕಡಿಮೆ. ಫಿರಂಗಿಯ ಸಹಿ ಅದು.

ಆದರೆ ನನ್ನ ಗ್ರಾಫಿಗೆ ಈಗ ಬೆಲೆಯಿರಲಿಲ್ಲ. ಮೊದಲೊಂದು ಕೊಟ್ಟು, ಈಗ ಇನ್ನೊಂದು ಕೊಟ್ಟರೆ ಯಾರು ನಂಬುತ್ತಾರೆ?

ಎರಡನೆಯ ಅಪೀಲಿಗೆ ಮತ್ತೆ ಆರು ತಿಂಗಳಿತ್ತು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಮಂಡಳಿಯ ಮುಂದಿದ್ದ ಮೂಲ ಗ್ರಾಫಿನ ನಕಲು ತರಿಸಿದೆ. ಲಕೋಟೆ ಒಡೆಯುವ ಮೊದಲೇ ಒಳಗೆ ಏನಿರುತ್ತದೆಂದು ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಅದೂ ನೆನಪಿನ ಜಂಭವಿರಬಹುದು. ಒಳಗಿದ್ದದ್ದು ಈ ತುದಿಯಿಂದ ಆ ತುದಿಗೆ ನಲವತ್ತೈದರ ಮೇಲೆ ಸ್ಕೇಲಿನಿಂದ ಎಳೆದ ನೇರ ಗೆರೆ. ಎರಡೂ ಕಿವಿಗೆ. ಸದ್ದಿನಿಂದ ಬಂದ ಕಿವುಡಿನ ಗೆರೆ ಹಾಗಿರುವುದಿಲ್ಲವಾದ್ದರಿಂದ 'ಸದ್ದಿನಿಂದ ಬಂದದ್ದಲ್ಲ' ಎಂಬ ಅಭಿಪ್ರಾಯ. ಎಲ್ಲ ಸರಿಯಾಗಿತ್ತು, ಪರೀಕ್ಷೆಯೊಂದು ಆಗಿರಲಿಲ್ಲ.

"ಅವತ್ತು ಗೂಡಿನಲ್ಲಿ ಕೂರಿಸಿದ್ದರಾ ನಿಮ್ಮನ್ನು?"

"ಇಲ್ರಿ. ಕಿವಿ ಸರಿ ಕೇಳ್ಸಂಗಿಲ್ಲ ಅಂತ ನಾನ ಹೇಳಿದ್ದೆ. ಹೆಸರು ಕೇಳಿ, ಹೋಗು ಅಂದ್ರು."

ಆಗ ನನಗೆ ಒಂದು ಯೋಚನೆ ಬಂತು. ಅದನ್ನು ಹೇಗೆ ಸಮರ್ಥಿಸಿಕೊಳ್ಳಬೇಕೆಂದು ಇಂದಿಗೂ ಗೊತ್ತಿಲ್ಲ, ಆದ್ದರಿಂದ ಸಮರ್ಥಿಸುವುದಿಲ್ಲ. ಆ ಡಾಕ್ಟರು ಸಂಜೆ ಗ್ರಾಫುಗಳ ಕಟ್ಟಿಗೆ ನೋಡದೆ ಸಹಿ ಹಾಕುವವರು. ಹವಾಲ್ದಾರರು ಸಾಮಾನ್ಯ ರೋಗಿಯಾಗಿ ಅದೇ ಕ್ಲಿನಿಕ್ಕಿಗೆ ಹೋಗಲಿ. ಜನ ಕಡಿಮೆ ಇರುವ ದಿನ, ನನ್ನ ಜಾಗದಲ್ಲಿ ಈಗಿರುವ ಹುಡುಗಿ ಸರಿಯಾಗಿಯೇ ಪರೀಕ್ಷೆ ಮಾಡುತ್ತಾಳೆ. ಬಾವಿ ಬೀಳುತ್ತದೆ. ಸಂಜೆ ಅದರ ಕೆಳಗೆ ಕೊಕ್ಕೆ ಬೀಳುತ್ತದೆ.

"ಅಂವಾ ನನ್ನ ಗುರ್ತ ಹಿಡದ್ರ?" ಎಂದರು ಹವಾಲ್ದಾರರು.

"ಅವರು ನಿಮ್ಮನ್ನ ಅವತ್ತೂ ನೋಡಿಲ್ಲ, ಇವತ್ತೂ ನೋಡಲ್ಲ."

ಕ್ಲಿನಿಕ್ಕಿನ ಎದುರುಸಾಲಿನ ಚಹಾದಂಗಡಿಯ ಬೆಂಚಿನಲ್ಲಿ, ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ಮಣ್ಣಿನ ಕುಲ್ಹಡ್ ಹಿಡಿದು ಕೂತಿದ್ದೆ. ಹವಾಲ್ದಾರರು ಒಳಗೆ ಹೋಗಿ ಬಂದರು. "ಹುಡುಗಿ ಚಲೋ ಐತ್ರಿ. ನೀವು ಕಲಿಸಿದಂಗ ಸೋತೇನಿ." ಸಂಜೆ ಐದರ ನಂತರ ವರದಿ ಎಂದಿದ್ದರಂತೆ. ಮತ್ತೆ ಹೋಗಿ ಲಕೋಟೆ ತಂದರು. ಬಲಗಿವಿ, ನಾಲ್ಕು ಸಾವಿರ, ಎಪ್ಪತ್ತೈದು. ಗೋಡೆಯ ಕಡೆ ಕೂರಿಸಿ ನಾನು ತೆಗೆದ ಗ್ರಾಫಿಗೂ ಇದಕ್ಕೂ ಎಲ್ಲೂ ಐದಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲ. ಕೆಳಗೆ ಕೊಕ್ಕೆ. ಮಂಡಳಿಯ ಗ್ರಾಫಿನಲ್ಲಿ ದಪ್ಪ ಸ್ವರಗಳೂ ಕೆಟ್ಟಿದ್ದವು, ಇದರಲ್ಲಿ ಸರಿಯಾಗಿವೆ. ಹಾಗೆ ಸತ್ತ ನರ ಐದು ವರ್ಷದಲ್ಲಿ ಮತ್ತೆ ಚಿಗುರುವುದಿಲ್ಲ. ಎರಡರಲ್ಲಿ ಒಂದು ಸುಳ್ಳು, ಎರಡರ ಕೆಳಗೂ ಒಂದೇ ಸಹಿ.

ಡೈರಿಯಲ್ಲಿ 'ಬೀದಿಯಲ್ಲೇ ನಕ್ಕೆ' ಎಂದಿದೆ. ನನಗೆ ನೆನಪಿರುವುದು ಹವಾಲ್ದಾರರು ನನ್ನನ್ನು ಒಂದು ಥರ ನೋಡಿದ್ದು ಮಾತ್ರ.

ಎರಡನೆಯ ಅಪೀಲು ಮೂರೇ ಪುಟ. ವರ್ಷವರ್ಷವೂ ಕಿವಿ ಸರಿಯಿದೆ ಎಂದು ದಾಖಲಾದದ್ದು ಹೇಗೆ ಎಂಬುದಕ್ಕೆ ಉತ್ತರ ಕೊಡದೆ ಗೆಲ್ಲುವಂತಿರಲಿಲ್ಲ. ಉತ್ತರವೆಂದರೆ ಹವಾಲ್ದಾರರು ಪ್ರಮಾಣ ಮಾಡಿ ತಮ್ಮ ಮೋಸವನ್ನು ಒಪ್ಪಿಕೊಳ್ಳುವುದು.

ಅದನ್ನು ಕೇಳಿ ಅವರು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು ನಿಂತುಕೊಂಡೇ ಹೇಳಿದರು. "ಬರೀರಿ ಅಕ್ಕಾರ. ಸುಳ್ಳು ಹೇಳಿ ತೋಪಿನ ಹತ್ರ ಉಳದೆ ಅಂತ ಬರೀರಿ. ಆದ್ರ ನಂದಷ್ಟ. ಬೂಟು ಕುಟ್ಟಿದಾಂವನ ಹೆಸರು ಬ್ಯಾಡ, ಪಿಸುಗುಟ್ಟಿದಾಂವನ ಹೆಸರೂ ಬ್ಯಾಡ."

"ಅವರ ಹೆಸರಿದ್ದರೆ ಸಾಕ್ಷಿಗೆ ಬಲ ಬರುತ್ತೆ."

"ಬರ್ತೈತಿ. ಬ್ಯಾಡ."

ಪ್ರಮಾಣಪತ್ರದ ಕರಡನ್ನು ಮಾವನಿಗೆ ಓದಿ ಹೇಳಿದೆ. ಅವರು ವರಾಂಡದ ಕುರ್ಚಿಯಲ್ಲಿದ್ದರು, ಎರಡೂ ಯಂತ್ರ ಹಾಕಿಕೊಂಡು. 'ಪ್ರತಿ ವರ್ಷವೂ ಅವೇ ಸಂಖ್ಯೆಗಳು: ಅಟ್ಠಾಸಿ, ತಿರಸಠ್' ಎಂಬಲ್ಲಿ ಹಾಳೆ ಮುಗಿಯಿತು. ನಾನು ಪುಟ ತಿರುವುತ್ತಿದ್ದೆ.

"ಛಿಹತ್ತರ್" ಎಂದರು ಮಾವ.

ಡೈರಿಯ ಅಂಚಿನಲ್ಲಿ ಇದು ಪೆನ್ಸಿಲಿನಲ್ಲಿದೆ: 'ಮೂರನೆಯದನ್ನು ಮಾವ ಹೇಳಿದರು.' ನಾನು ಅದಕ್ಕಿಂತ ಮೊದಲೇ ಎಂದಾದರೂ ಅವರೆದುರು ಮೂರನ್ನೂ ಹೇಳಿದ್ದೆನೇ? ಇರಬಹುದು. ಆ ಕ್ಷಣದಲ್ಲಿ ನಾನು ಕೇಳಲಿಲ್ಲ. ನನ್ನ ಗಮನವೆಲ್ಲ ಲಗತ್ತಿಸಲಿದ್ದ ಕ್ಲಿನಿಕ್ಕಿನ ಗ್ರಾಫಿನ ಮೇಲಿತ್ತು. ಮಾವ ಆ ಹಾಳೆಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು.

"ಇದನ್ನ ಬಿಟ್ಟುಬಿಡು. ಹೊಸದಾಗಿ ಪರೀಕ್ಷೆ ಮಾಡಿಸಿ ಅಂತ ಮಾತ್ರ ಕೇಳು, ಕೊಟ್ಟೇ ಕೊಡ್ತಾರೆ. ನೀನು ಖೋಟಾ ಅಂದರೆ ವಿಚಾರಣೆ ಆಗತ್ತೆ. ಮೂರು ವರ್ಷ ಆ ಫೈಲಿನ ಕೆಳಗೆ ಇವರ ಫೈಲು ಕೊಳೆಯತ್ತೆ."

"ಅವರನ್ನ ಉಳಿಸೋಕೆ ಹೇಳ್ತಿದ್ದೀರಾ ಮಾವ?"

"ನಿನಗೆ ಹವಾಲ್ದಾರ್ ಗೆಲ್ಲಬೇಕಾ, ಆ ಡಾಕ್ಟರ್ ಸೋಲಬೇಕಾ? ಮೊದಲು ಅದನ್ನ ತೀರ್ಮಾನ ಮಾಡು."

ಎರಡೂ ಎಂದೆ. ಆದರೆ ಆ ರಾತ್ರಿ ಕಳೆದು ಬೆಳಿಗ್ಗೆ ಕೂತಾಗ, ಹನ್ನೊಂದು ಪುಟಕ್ಕೆ ಆದ ಗತಿ ಕಣ್ಣ ಮುಂದಿತ್ತು. ಖೋಟಾ ಎಂಬ ಪದವನ್ನು ಹೊಡೆದುಹಾಕಿದೆ. ಡಾಕ್ಟರರ ಬಗೆಗಿನ ಒಂದೊಂದು ಸಾಲನ್ನೂ ತೆಗೆದೆ. ಒಂದೊಂದನ್ನು ತೆಗೆದಾಗಲೂ ಕೈಯಾರೆ ಏನನ್ನೋ ಬಿಟ್ಟುಕೊಟ್ಟ ಹಾಗೆ ಸಂಕಟವಾಯಿತು. ಬೇಡಿಕೆ ಒಂದೇ ಉಳಿಯಿತು: ಬೇರೊಂದು ಆಸ್ಪತ್ರೆಯಲ್ಲಿ ಮಷೀನಿನಿಂದ ಮರುಪರೀಕ್ಷೆ. ಆದರೆ ಎರಡು ಗ್ರಾಫುಗಳನ್ನು ಒಂದೇ ಅಳತೆಗೆ ತಂದು, ಒಂದೇ ಹಾಳೆಯಲ್ಲಿ ಅಕ್ಕಪಕ್ಕ ನಕಲು ಮಾಡಿಸಿ, ಸಹಿಗಳು ಒಂದೇ ಸಾಲಿನಲ್ಲಿ ಬರುವಂತೆ ಇಟ್ಟೆ. ಮೇಲೆ 'ಲಗತ್ತು ನಾಲ್ಕು' ಎಂದು ಬರೆದೆ. ಅದರ ಬಗ್ಗೆ ಅಪೀಲಿನಲ್ಲಿ ಒಂದು ಪದವೂ ಇಲ್ಲ. ಕಣ್ಣಿದ್ದವರು ನೋಡಲಿ. ಜೆರಾಕ್ಸ್ ಅಂಗಡಿಯವನಿಂದ ಆ ಹಾಳೆಯನ್ನು ಮೂರು ಸಲ ನಕಲು ಮಾಡಿಸಿದೆ. ಕೊಕ್ಕೆ ಸ್ಪಷ್ಟವಾಗಿ ಬರುವತನಕ.

ಹವಾಲ್ದಾರರು ಕೋರ್ಟಿನ ನೋಟರಿಯ ಮುಂದೆ ಸಹಿ ಹಾಕುವಾಗ ಸೆಲ್ಯೂಟಿಗೆ ನಿಂತವರ ಹಾಗೆ ನೆಟ್ಟಗಿದ್ದರು.

ನಾಲ್ಕೈದು ತಿಂಗಳಲ್ಲಿ ಮರುಪರೀಕ್ಷೆಗೆ ಕರೆ ಬಂತು. ಬೇರೆ ಊರಿನ ಆಸ್ಪತ್ರೆ, ನಿಜವಾದ ಗೂಡು, ಅಪರಿಚಿತ ತಜ್ಞೆ. ಹೋಗುವ ಮುಂಚೆ ಹವಾಲ್ದಾರರು ಒಂದು ವಾರ ದಿನವೂ ನನ್ನ ಗೂಡಿನಲ್ಲಿ ಕೂತು ಸೋಲುವುದನ್ನು ರೂಢಿಸಿಕೊಂಡರು. ಆಮೇಲೆ ಆದೇಶ: ಊನಕ್ಕೆ ಫಿರಂಗಿ ದಳದ ಸೇವೆಯೇ ಕಾರಣ, ಪಿಂಚಣಿ ಮಂಜೂರು. ಪ್ರಮಾಣಪತ್ರದ ಮೋಸದ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಪಿಸುದನಿಯ ತಪಾಸಣೆಯನ್ನು ಅವಲಂಬಿಸಲಾಗದು ಎಂದಷ್ಟೇ ಒಂದು ಸಾಲು.

ಹವಾಲ್ದಾರರು ಆ ಸಾಲುಗಳನ್ನು ಓದಿಸಿಕೊಂಡು ಕೇಳಿದರು. 'ಸೇವೆಯೇ ಕಾರಣ' ಎಂಬುದನ್ನು ಇನ್ನೊಮ್ಮೆ ಓದಿ ಎಂದರು. ಆದೇಶದ ಫೋಟೊ ತೆಗೆದು ಅಣ್ಣನಿಗೆ ಕಳಿಸಲು ಹೇಳಿದರು. "ಅವ್ವಂದಲ್ಲ, ತೋಪಿಂದು ಅಂತ ಕೆಳಗ ಬರೀರಿ."

ಆ ಡಾಕ್ಟರರಿಗೆ ವಿವರಣೆ ಕೇಳಿ ಪತ್ರ ಹೋಗಿತ್ತು. ಅದು ನನಗೆ ತಿಳಿದದ್ದು, ಅವರು ಮಾವನಿಗೆ ಫೋನ್ ಮಾಡಿದಾಗ. ಮಾವ ಬಹಳ ಹೊತ್ತು ಬರೀ ಹ್ಞೂಂ ಎನ್ನುತ್ತಿದ್ದು, ಕೊನೆಗೆ "ಹೌದು, ನನ್ನ ಸೊಸೆಯೇ" ಎಂದರು. ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿದಾಗ ನನಗೆ ಆದ ಹಿತವನ್ನು ಅಡಗಿಸಿ ಬರೆಯುವುದಿಲ್ಲ. ಎಷ್ಟೋ ವಾರ ನಾನು ಲಂಕಾಕ್ಕೆ ಹೋಗುವ ಟೋಟೋ ರಿಕ್ಷಾವನ್ನು ಸುತ್ತುಬಳಸಿನ ದಾರಿಯಲ್ಲಿ, ಆ ಕ್ಲಿನಿಕ್ಕಿನ ಮುಂದಿನಿಂದಲೇ ಒಯ್ಯಿಸುತ್ತಿದ್ದೆ. ಸುಖ ಇಮ್ಮಡಿಯಾಗಲೆಂದು ಬರುವಾಗಲೂ. ಹೊರಗಿನ ಬೆಂಚಿನಲ್ಲಿ ಜನ ಕಡಿಮೆಯಾದರೆಂದು ನನಗೆ ಅನ್ನಿಸಿತು, ಎಣಿಸಿ ನೋಡಿಲ್ಲ. ಆ ಹುಡುಗಿ ಈಗ ಅಲ್ಲಿಲ್ಲ ಎಂದು ಕೇಳಿದ್ದೇನೆ. ವಿವರಣೆಯಲ್ಲಿ ಡಾಕ್ಟರು ಯಾರಿಗೆ ಮಷೀನು ಸಂಭಾಳಿಸಲು ಬರುವುದಿಲ್ಲವೆಂದು ಬರೆದರೋ ಊಹಿಸಬಲ್ಲೆ. ಅವಳನ್ನು ಹುಡುಕಿಕೊಂಡು ನಾನು ಹೋಗಿಲ್ಲ.

ಆದೇಶ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಹಳೆಯ ಡೈರಿ ತಿರುವುತ್ತಿದ್ದಾಗ ಅಂಚಿನ ಪೆನ್ಸಿಲ್ ಸಾಲು ಕಣ್ಣಿಗೆ ಬಿತ್ತು. ಹವಾಲ್ದಾರರ ದಳಕ್ಕೂ ಮಾವ ಇದ್ದ ದಳಗಳಿಗೂ ಸಂಬಂಧವಿಲ್ಲ. ಅವರು ನಿವೃತ್ತರಾಗುವ ಹೊತ್ತಿಗೆ ಹವಾಲ್ದಾರರು ಇನ್ನೂ ಭರ್ತಿಯಾಗಿರಲಿಲ್ಲ. ಪಿಸುಗುಟ್ಟುವ ಸಹಾಯಕರೆಲ್ಲ ಒಂದೇ ಪಾಠ ಕಲಿತು ಬರುತ್ತಿದ್ದರೇನೋ. ಹಾಗಿದ್ದರೆ ಪ್ರತಿ ವರ್ಷ, ತಪಾಸಣೆಯ ಕೋಣೆಯಲ್ಲಿ ಮೇಜಿನ ಹಿಂದೆ ಕೂತು, ಕೊನೆಯಲ್ಲಿ ಸಹಿ ಹಾಕುತ್ತಿದ್ದ ಮಾವನಂಥ ವೈದ್ಯರಿಗೂ ಆ ಮೂರು ಸಂಖ್ಯೆಗಳು ಬಾಯಿಪಾಠವಾಗಿರಲೇಬೇಕು. ನೆಲ ಕುಟ್ಟುವ ಬೂಟಿನ ಸದ್ದೂ.

ವರಾಂಡಕ್ಕೆ ಹೋದೆ. ಮಾವ ಪೇಪರ್ ಓದುತ್ತಿದ್ದರು.

"ಮಾವ, ಅವತ್ತು ನಾನು ಪುಟ ತಿರುವೋದರೊಳಗೆ ನೀವು ಛಿಹತ್ತರ್ ಅಂದಿರಿ. ಅದು ನಿಮಗೆ ಹೇಗೆ ಗೊತ್ತಿತ್ತು?"

ಅವರು ಪೇಪರನ್ನು ಮಡಿಸಿದರು, ಮೊಣಕಾಲಿನ ಮೇಲಿಟ್ಟುಕೊಂಡರು, ರಸ್ತೆಯ ಕಡೆ ನೋಡಿದರು. ಎರಡೂ ಯಂತ್ರಗಳಿಗೆ ಅವತ್ತು ಬೆಳಿಗ್ಗೆಯೇ ನಾನು ಹೊಸ ಬ್ಯಾಟರಿ ಹಾಕಿ, ಪರೀಕ್ಷಿಸಿ ಕೊಟ್ಟಿದ್ದೆ. ನಾನು ನಿಂತದ್ದು ನಾಲ್ಕು ಅಡಿ ದೂರದಲ್ಲಿ. ಅವರ ಬೆರಳು ಕಿವಿಯ ಹಿಂದಕ್ಕೆ ಹೋಗಲಿಲ್ಲ.

ನನ್ನ ಪ್ರಶ್ನೆ ಅವರಿಗೆ ಕೇಳಿಸಿದೆ. ಈ ಬರಹದಲ್ಲಿ ನಾನು ಪ್ರಮಾಣ ಮಾಡಿ ಹೇಳಬಲ್ಲದ್ದು ಅದೊಂದೇ.